ಮೂರನೇ ಸಾಲಿನ ಉಸಿರು

ಬರೀ ಹುಡುಗಿಯರೇ ಇರುವ ಬ್ಯಾಂಡ್ ಎಂದಾಗ ನಾನು ಮೊದಲು ನಂಬಿರಲಿಲ್ಲ. ನಾನು ಬೆಳೆದ ಮೈಸೂರಿನಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾ ಎಂದರೆ ಜರಿ ಸೀರೆಯ ಒಬ್ಬ ಗಾಯಕಿ, ಅವಳ ಹಿಂದೆ ಸಾಲಾಗಿ ವಾದ್ಯ ಹಿಡಿದು ಕೂತ ಗಂಡಸರು. ಅವಳು ಪ್ರೇಮಗೀತೆ ಶುರುಮಾಡಿದರೆ ಎರಡನೇ ಚರಣಕ್ಕೆ ಇನ್ನೊಬ್ಬ ಗಂಡಸು ಮೈಕ್ ಹಿಡಿದು ಬಂದೇ ಬರುತ್ತಿದ್ದ. ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ನಮ್ಮ ಎದುರು ಫ್ಲಾಟಿನ ಜಪಾನಿ ಗೆಳತಿ ಲ್ಯಾಪ್‌ಟಾಪಿನಲ್ಲಿ ತೋರಿಸಿದ ಬ್ಯಾಂಡುಗಳಲ್ಲಿ ಗಿಟಾರೂ ಹುಡುಗಿಯದೇ, ಕೀಬೋರ್ಡೂ ಹುಡುಗಿಯದೇ, ಡ್ರಮ್ಸ್ ಬಾರಿಸಿ ಬೆವರು ಒರೆಸಿಕೊಳ್ಳುವವಳೂ ಹುಡುಗಿಯೇ. ಯಾರನ್ನು ನೆನೆದು ಹಾಡುತ್ತಿದ್ದಾರೋ ಆ ಹುಡುಗನ ಸುಳಿವೇ ಇಲ್ಲ. ಅವರು ಕೇಳುವುದೆಲ್ಲ ಕೇಳುತ್ತಾರೆ, ಉತ್ತರ ಬರಬೇಕಾದ ಜಾಗದಲ್ಲಿ ಡ್ರಮ್ಸ್ ಬರುತ್ತದೆ.

"ನಿಮ್ಮೂರ ಹುಡುಗರಿಗೆ ಹಾಡೋಕೆ ಬರಲ್ವಾ?" ಎಂದು ರೇಗಿಸಿದ್ದೆ.

"ಬರುತ್ತೆ. ಅವರನ್ನ ಕರೆದಿಲ್ಲ ಅಷ್ಟೆ," ಎಂದಿದ್ದಳು. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ನನ್ನ ನೆನಪಿನಲ್ಲಿ ಮಾತ್ರ ಅವಳು ಕನ್ನಡದಲ್ಲೇ ಮಾತಾಡುತ್ತಾಳೆ.

ಅವಳು ಯೂನಿವರ್ಸಿಟಿಯ ಲ್ಯಾಬಿನಲ್ಲಿದ್ದಳು, ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೆ. ನಾನು ಒಗ್ಗರಣೆ ಹಾಕುತ್ತ ಕೀರ್ತನೆ ಗುನುಗುವುದನ್ನು ಕೇಳಿ ಒಂದು ದಿನ ತಾನಾಗಿಯೇ ತನ್ನ ಹಾಡುಗಳನ್ನು ಹೇಳಿಕೊಡಲು ಶುರುಮಾಡಿದಳು. ನನ್ನದು ಹಳೇ ಪದ್ಧತಿಯ ಕಲಿಕೆ. ಮೈಸೂರಿನ ನಮ್ಮ ಸಂಗೀತದ ಟೀಚರ್ ಪುಸ್ತಕ ಮುಟ್ಟಲು ಬಿಡುತ್ತಿರಲಿಲ್ಲ. ಅವರು ಹೇಗೆ ಹಾಡಿದರೋ ಹಾಗೇ ಒಪ್ಪಿಸಬೇಕು, ಒಂದು ಕೂದಲೆಳೆಯೂ ಆಚೀಚೆ ಆಗಬಾರದು. ಪಲ್ಲವಿಯ ನಡುವೆ ಅವರು ಬಿಕ್ಕಳಿಸಿದರೆ ನಾವೂ ಬಿಕ್ಕಳಿಸಬೇಕೇನೋ ಎಂದು ಹುಡುಗಿಯರೆಲ್ಲ ನಗುತ್ತಿದ್ದೆವು. ಪಾಠ ಗಟ್ಟಿಯಾಗುವ ತನಕ ಬೇರೆಯವರು ಅದೇ ಹಾಡು ಹಾಡಿದ್ದನ್ನು ಕೇಳುವುದೂ ನಿಷಿದ್ಧ.

ಆಮೇಲೆ ನನ್ನ ಗಂಡನಿಗೆ ಜೂಂಡಲಪ್ಪಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ನಾವು ಪರ್ತ್‌ಗೆ ಬಂದೆವು. ಅವಳು ಗಂಡ, ಮಗಳ ಜೊತೆ ಅಡಿಲೇಡಿಗೆ ಹೋದಳು. ಪಾಠ ಮಾತ್ರ ನಿಲ್ಲಲಿಲ್ಲ. ಒಂದೊಂದೇ ಸಾಲು ಹಾಡಿ ಫೋನಿಗೆ ಕಳಿಸುತ್ತಿದ್ದಳು, ನಾನು ಹಾಡಿ ವಾಪಸ್ ಕಳಿಸುತ್ತಿದ್ದೆ. ಕೊನೆಗೆ ಹೇಳಿಕೊಟ್ಟ ಹಾಡಿನಲ್ಲಿ ಒಬ್ಬಳು ಹುಡುಗಿ ಮಳೆಯಲ್ಲಿ ಬಂದ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದಾಳೆ. ನೀನು ಛತ್ರಿ ಮಡಚುವಷ್ಟರಲ್ಲಿ ಎಲ್ಲ ಹೇಳಿ ಮುಗಿಸುತ್ತೇನೆ ಎನ್ನುವುದು ಮೂರನೇ ಸಾಲು. ಆ ಸಾಲಿನ ನಡುವೆ, ಒಂದು ಶಬ್ದದ ಹೊಟ್ಟೆಯಲ್ಲೇ, ದನಿ ಕಡಿಯುತ್ತದೆ. ಒಂದು ಚಿಕ್ಕ ಉಸಿರು, ಮತ್ತೆ ಮುಂದಕ್ಕೆ. ನಾಚಿಕೆಗೆ ಮಾತು ತಡವರಿಸಿದ್ದು, ಎಂಥಾ ಭಾವ ಎಂದುಕೊಂಡು ಆ ಉಸಿರನ್ನು ಅವಳ ಹಾಗೇ ಬರುವ ತನಕ ಬಿಡದೆ ಸಾಧನೆ ಮಾಡಿದೆ. ಟೀಚರ ನಿಯಮ ಮುರಿಯದೆ, ಬ್ಯಾಂಡಿನವರು ಹಾಡಿದ್ದನ್ನು ಕೇಳಲೇ ಇಲ್ಲ. ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಗಳ ನಡುವೆ ಕಾರು ಓಡಿಸುತ್ತ ಅದನ್ನೇ ಹಾಡಿ ಕಣ್ಣಲ್ಲಿ ನೀರು ತಂದುಕೊಂಡಿದ್ದೂ ಉಂಟು.

"ಏನೇ ಇದು, ಬಂಕಲ್ಲಿ ಪೆಟ್ರೋಲ್ ಹಾಕ್ತಾನೂ ಲವ್ ಸಾಂಗಾ? ಜನ ನೋಡ್ತಿದಾರೆ ಕಣೇ," ಎಂದು ನನ್ನ ಗಂಡ ಹಲ್ಲು ಕಚ್ಚಿದ್ದರು.

ಗೆಳತಿ ಫೋನಿನಲ್ಲಿ ಬರೀ ಕೆಮ್ಮು ಎನ್ನುತ್ತಿದ್ದಳು, ಅಡಿಲೇಡಿನ ಧೂಳು ಎನ್ನುತ್ತಿದ್ದಳು. ಶ್ವಾಸಕೋಶದ ಕಾಯಿಲೆ ಎಂದು ನನಗೆ ಗೊತ್ತಾಗಿದ್ದು ಅವಳು ತೀರಿಹೋದ ಮೇಲೆ, ಅವಳ ಗಂಡನ ಮೆಸೇಜಿನಿಂದ. ಅಳುವುದಕ್ಕೂ ಮೊದಲು ನನಗೆ ಸಿಟ್ಟು ಬಂತು. ಇನ್ಯಾರದೋ ಪ್ರೇಮವನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದವಳು ತನ್ನದೊಂದು ಮಾತು ಹೇಳಲಿಲ್ಲವಲ್ಲ ಎಂದು ದಿನಗಟ್ಟಲೆ ಕುದಿದೆ.

ಮರುವರ್ಷ ಅವಳ ಮಗಳು ಫೋನ್ ಮಾಡಿದಳು. ಹದಿನೇಳರ ಹುಡುಗಿ, ಬ್ರಿಸ್ಬೇನಿನಲ್ಲಿ ನಮ್ಮ ಮಕ್ಕಳಿಂದ ಕಲಿತು ನನ್ನನ್ನು ಆಂಟಿ ಎನ್ನುತ್ತಾಳೆ. "ಆಂಟಿ, ಅಪ್ಪ ಮನೇಲಿ ರೇಡಿಯೋ ಕೂಡ ಹಾಕೋಕೆ ಬಿಡಲ್ಲ. ಅಮ್ಮನ ರೆಕಾರ್ಡಿಂಗ್ ಕೇಳೋಕೆ ನಂಗೂ ಧೈರ್ಯ ಇಲ್ಲ. ನೀವು ಬಂದು ಆ ಛತ್ರಿ ಹಾಡು ಹಾಡ್ತೀರಾ? ಬೇರೆಯವರ ದನೀಲಿ ಆದ್ರೆ ಅಪ್ಪ ತಡ್ಕೋಬಹುದು. ಹೀಗೇ ಬಿಟ್ರೆ ಈ ಮನೇಲಿ ಇನ್ಯಾವತ್ತೂ ಹಾಡು ಇರಲ್ಲ."

ಹೋದೆ. ಅಡಿಲೇಡಿನ ಅವರ ಮನೆಯಲ್ಲಿ ಊಟವಾದ ಮೇಲೆ ಅವಳ ಗಂಡ ಹಿಂಬದಿಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದರು. ಈಗಲೇ ಶುರುಮಾಡಿ, ಎದುರಿಗೆ ಕೂರಿಸಿದರೆ ಎದ್ದು ಹೋಗುತ್ತಾರೆ ಎಂದು ಹುಡುಗಿ ಪಿಸುಗುಟ್ಟಿದಳು. ಹಾಲಿನಲ್ಲಿ ನಿಂತು ಮೆಲ್ಲಗೆ ಎತ್ತಿಕೊಂಡೆ. ಎರಡು ಸಾಲು ಸುಖವಾಗಿ ಹೋಯಿತು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು, ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಖುಷಿಯಾಯಿತು. ಮೂರನೇ ಸಾಲಿನಲ್ಲಿ ಕಲಿತ ಹಾಗೇ ಕಡಿದು, ಆ ಚಿಕ್ಕ ಉಸಿರು ತೆಗೆದುಕೊಂಡೆ.

ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆಯಿತು. ಕೈತುಂಬ ಸೋಪಿನ ನೊರೆ ಹೊತ್ತುಕೊಂಡೇ ಅವರು ಓಡಿಬಂದರು. ನನ್ನ ಕಡೆ ನೋಡಲೂ ಇಲ್ಲ. ನೇರ ಕಿಟಕಿ ಪಕ್ಕದ ಸೋಫಾದ ಬಳಿಗೆ ಹೋಗಿ ಬಗ್ಗಿ, ನೆಲದ ಮೇಲೆ ಏನನ್ನೋ ಹುಡುಕಿದರು. ಅಲ್ಲಿ ಏನೂ ಇರಲಿಲ್ಲ. ಬಗ್ಗಿದವರು ಹಾಗೇ ನಿಂತುಬಿಟ್ಟರು.

ಹುಡುಗಿ ನನ್ನ ತೋಳು ಹಿಡಿದುಕೊಂಡಳು. "ಆಂಟಿ, ಬ್ಯಾಂಡಲ್ಲಿ ಆ ಸಾಲನ್ನ ಒಂದೇ ಉಸಿರಲ್ಲಿ ಹಾಡ್ತಾರೆ. ಅಮ್ಮನಿಗೆ ಆಗ್ತಿರ್ಲಿಲ್ಲ. ಅವಳಿಗೆ ಹಾಗೆ ಉಸಿರು ಕಡಿದ್ರೆ ಅಪ್ಪ ಎಲ್ಲಿದ್ರೂ ಓಡಿಬಂದು ಆ ಸೋಫಾ ಪಕ್ಕ ಇದ್ದ ಆಕ್ಸಿಜನ್ ಟ್ಯೂಬ್ ಹಾಕ್ತಿದ್ರು."

ದನಿ ನನ್ನದು, ಉಸಿರು ಮಾತ್ರ ಅವಳದೇ ಬಂದಿತ್ತು. ನಾನು ಭಾವ ಎಂದು ತಲೆದೂಗಿದ್ದು ಅವಳಿಗೆ ಗಾಳಿ ಸಾಲದೆ ಹೋಗಿದ್ದಕ್ಕೆ. ಕ್ಷಮಿಸಿ, ಇನ್ನು ಹಾಡುವುದಿಲ್ಲ ಎಂದೆ.

ಅವರು ಕೈಯನ್ನು ಅಂಗಿಗೆ ಒರೆಸಿಕೊಂಡು ಖಾಲಿ ಸೋಫಾದ ಎದುರಿನ ಕುರ್ಚಿಯಲ್ಲಿ ಕೂತರು.

"ಇನ್ನೊಂದು ಸಲ ಹಾಡಿ," ಎಂದರು. "ಈ ಸಲ ನಾನು ಎದ್ದು ಬರಲ್ಲ."

ಒಂದೇ ಉಸಿರಿನಲ್ಲಿ ದಾಟಿಬಿಡಬೇಕು ಎಂದು ಎದೆ ತುಂಬ ಗಾಳಿ ಎಳೆದುಕೊಂಡು ಶುರುಮಾಡಿದೆ. ಮೂರನೇ ಸಾಲು ಬಂತು. ಗಂಟಲು ನನ್ನ ಮಾತು ಕೇಳಲಿಲ್ಲ, ಅಲ್ಲೇ ಕಡಿಯಿತು. ಅವರು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು ಕೂತೇ ಇದ್ದರು.