ಗಂಡನ ಹೆಸರು ಕೂಗಿದ್ದು

ಅವತ್ತು ತುರುವೇಕೆರೆ ಕಾಲೇಜಿನಲ್ಲಿ ನನ್ನ ಭಾಷಣವಿತ್ತು. ಗ್ರೀಕರ ಹಳೇ ಪುರಾಣದಲ್ಲಿ ಒಬ್ಬ ಹಾಡುಗಾರ ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುತ್ತಾನೆ. ದಾರಿಯಲ್ಲಿ ತಿರುಗಿ ನೋಡಬಾರದು ಅಂತ ಷರತ್ತು. ತಾಳಲಾರದೆ ತಿರುಗುತ್ತಾನೆ, ಅವಳು ಪಾತಾಳಕ್ಕೇ ಮರಳುತ್ತಾಳೆ. ನನ್ನ ಗೆಳತಿ ಬರೆದ ಹೊಸ ಕವಿತೆಯಲ್ಲಿ ಅವಳಿಗೇ ವಾಪಸ್ಸು ಬರುವ ಮನಸ್ಸಿಲ್ಲ. ಹಿಂದಿನಿಂದ ಅವನ ಹೆಸರು ಹಿಡಿದು ಕೂಗಿ ತಿರುಗಿಸುತ್ತಾಳೆ. ಅಷ್ಟಕ್ಕೇ ಯಾವನು ತಿರುಗುತ್ತಾನೆ, ಪುರಾಣವೇ ವಾಸಿ ಅಂತ ಭಾಷಣದಲ್ಲಿ ಬರೆದುಕೊಂಡಿದ್ದೆ.

ನೊಣವಿನಕೆರೆಯಲ್ಲಿ ಬಸ್ಸು ನಿಂತಾಗ ನಮ್ಮೆಜಮಾನ್ರು ಟೀ ಕುಡಿಯಲು ಇಳಿದರು. ಭಾಷಣದ ಹಾಳೆಗಳಿದ್ದ ಚೀಲ ಅವರ ಹೆಗಲಲ್ಲೇ ಇತ್ತು. ಬಸ್ಸು ಹೊರಟೇಬಿಟ್ಟಿತು. ಕಿಟಕಿಯಿಂದ "ರೀ! ರೀ!" ಅಂತ ಕೂಗಿದೆ. ಅಂಗಡಿ ಮುಂದಿದ್ದ ಗಂಡಸರೆಲ್ಲ ತಿರುಗಿದರು, ಇವರೊಬ್ಬರನ್ನು ಬಿಟ್ಟು. ಮದುವೆಯಾದಾಗಿನಿಂದ ಬಾಯಿಗೆ ಬಾರದ ಹೆಸರು ಆಗ ಬಂತು.

"ರುದ್ರೇಶಾ!"

ಲೋಟ ಅಲ್ಲೇ ಬಿಟ್ಟು ಓಡಿಬಂದರು. ಪುಣ್ಯಾತ್ಮ ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿದ.

"ಯಾರ್ಗೇನಾಯ್ತು ಕಣೇ?" ಅಂದರು ಏದುಸಿರಲ್ಲಿ. ಮುಖ ಬಿಳುಚಿಕೊಂಡಿತ್ತು.

"ಯಾರ್ಗೂ ಏನೂ ಆಗಿಲ್ಲ, ಕೂತ್ಕಳ್ಳಿ" ಅಂದೆ. ಚೀಲ ಕೈಗೆ ಬಂದಮೇಲೇ ನನಗೆ ಉಸಿರು ಬಂದದ್ದು. ಹಾಳೆ ತೆಗೆದು, ಗೆಳತಿಯ ಕವಿತೆಯನ್ನು ಹಳಿದಿದ್ದ ಸಾಲನ್ನು ಹೊಡೆದುಹಾಕಿದೆ.

ಪಾಪ, ಆ ಹಾಡುಗಾರನೂ ಪ್ರೀತಿಗೆ ತಿರುಗಿರಲಾರ, ಗಾಬರಿಗೇ ತಿರುಗಿರಬೇಕು.