ಮೂರು ಯಂತ್ರಗಳೂ ಮಾವನ ಬಲಗೈಯೂ

ಹಳೆಯ ರಬ್ಬರಿಗೆ ಒಂದು ವಾಸನೆಯಿದೆ. ಚಪ್ಪಲಿ ಅಂಗಡಿಯ ವಾಸನೆಗೆ ವಯಸ್ಸಾದರೆ ಹೇಗಿರಬಹುದೋ ಹಾಗೆ. ಹದಿನೈದು ದಿನದ ಹಿಂದೆ ಗೆಳೆಯ ಫೈರೋಜ್ ಶಿವಮೊಗ್ಗದ ವಿನೋಬನಗರದ ತನ್ನ ವಿಡಿಯೋ ಗೇಮ್ ಅಂಗಡಿಗೆ ಬಣ್ಣ ಹೊಡೆಸಲೆಂದು ಸಾಮಾನು ಹೊರಗಿಟ್ಟಾಗ, ಒಂದು ರಟ್ಟಿನ ಡಬ್ಬದಿಂದ ಆ ವಾಸನೆ ಎದ್ದು ಬಂತು. ಒಳಗೆ ಒಂದು ಬಿಳಿ ಕೋಲು, ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ರಬ್ಬರ್ ಉಂಡೆಯಿದ್ದ ಒಂದು ಕರಿ ಕೋಲು, ಮತ್ತು ಗೇಣುದ್ದದ ಒಂದು ಕ್ಯಾಮೆರಾ. ನೀವು ಇವನ್ನೆಲ್ಲ ಕಂಡವರಲ್ಲದಿದ್ದರೆ ಗಾಬರಿಯಾಗಬೇಡಿ, ಹೇಳುತ್ತೇನೆ. ಬೇರೆಯವರು ಮಾಡುವುದನ್ನು ಮಾಡಿ ತೋರಿಸುವುದು ಬಿಟ್ಟರೆ ನನಗೆ ಬೇರೆ ವಿದ್ಯೆಯಿಲ್ಲ.

ಇವು ಮೂರು ಎದುರಾಳಿ ಕಂಪನಿಗಳವು. ಗುಂಡಿ ಒತ್ತಿ ಆಡುವುದು ಸಾಕು, ಇನ್ನು ಮೈ ಆಡಿಸಿ ಆಡಿ ಎಂದು ಮೂವರೂ ಒಂದು ಕಾಲದಲ್ಲಿ ಪೈಪೋಟಿಗೆ ಬಿದ್ದಿದ್ದರು. ನೀವು ಕೈ ಬೀಸಿದರೆ ಟಿವಿಯೊಳಗಿನ ಬೊಂಬೆಯೂ ಬೀಸಬೇಕು. ಅಂದರೆ ಮೂರೂ ಮಿಮಿಕ್ರಿ ಯಂತ್ರಗಳು, ನನ್ನದೇ ಕಸುಬಿನವು. ನಾನೂ ಯಾರನ್ನೂ ಬಿಟ್ಟವನಲ್ಲ. ಮೈಕ್ ಕಂಡ ಕೂಡಲೇ ಗಂಟಲು ಸರಿಮಾಡಿಕೊಳ್ಳುವ ನಮ್ಮ ಬಡಾವಣೆಯ ಮುಖಂಡ, ಬಾಡಿಗೆ ಹೇಳುವ ಮುನ್ನ ಒಮ್ಮೆ ಆಕಾಶ ನೋಡುವ ಆಟೊದವನು, ಅಂಗಡಿಯ ಗಾಜಿನಲ್ಲಿ ತನ್ನ ಮುಖ ಕಂಡರೆ ಹುಬ್ಬೇರಿಸುವ ನಾನು. ಕೊನೆಯದಕ್ಕೇ ಚಪ್ಪಾಳೆ ಜಾಸ್ತಿ. ಕಾರಣ ಕೇಳಲು ಧೈರ್ಯವಾಗಿಲ್ಲ.

ಈ ಡಬ್ಬ ನೋಡಿದರೆ ಭದ್ರಾವತಿಯ ಗಿರಿಯಪ್ಪ ಮಾವ ನೆನಪಾಗುತ್ತಾರೆ. ಅಮ್ಮನ ಅಣ್ಣ. ಕಾರ್ಖಾನೆಯಲ್ಲಿ ಕ್ರೇನಿಗೆ ಕೈಸನ್ನೆ ತೋರಿಸುವ ಕೆಲಸ ಅವರದು. ಮೇಲೆ ಗೂಡಿನಲ್ಲಿ ಕುಳಿತು ಕ್ರೇನ್ ನಡೆಸುತ್ತಿದ್ದ ಆರುಮುಗಂಗೆ ಕೆಳಗಿನದು ಸರಿಯಾಗಿ ಕಾಣುತ್ತಿರಲಿಲ್ಲ, ಶೆಡ್ಡಿನ ಸದ್ದಿನಲ್ಲಿ ಕೂಗಿದ್ದು ಕೇಳುತ್ತಲೂ ಇರಲಿಲ್ಲ. ಮಾವ ಕೆಳಗೆ ನಿಂತು ಬಲಗೈ ಎತ್ತಿ ಬೆರಳು ತಿರುಗಿಸಿದರೆ ‘ಅಬೀಸ್’, ಟನ್ನುಗಟ್ಟಲೆ ಕಬ್ಬಿಣ ಮೇಲೇರಬೇಕು. ಅಂಗೈ ಕೆಳಗೆ ಮಾಡಿದರೆ ‘ಆರಿಯಾ’, ಇಳಿಯಬೇಕು. ಮುಷ್ಟಿ ಹಿಡಿದರೆ ಇದ್ದಲ್ಲೇ ನಿಲ್ಲಬೇಕು. ಆ ಮಾತುಗಳು ಯಾವ ಭಾಷೆಯವೆಂದು ಕೇಳಿದರೆ ಆರುಮುಗಂ ಕನ್ನಡ ಎನ್ನುತ್ತಿದ್ದ, ಮಾವ ತಮಿಳು ಎನ್ನುತ್ತಿದ್ದರು. ಕಬ್ಬಿಣ ಮಾತ್ರ ತಕರಾರಿಲ್ಲದೆ ಏರಿ ಇಳಿಯುತ್ತಿತ್ತು.

ನಿವೃತ್ತಿಯಾದ ಮೇಲೆ ಆ ಕೈಗೆ ನಡುಕ ಬಂತು. ಮತ್ತು ನನಗೆ, ನೀವು ಊಹಿಸಿದ ಹಾಗೆ, ಒಂದು ಹೊಸ ಐಟಂ ಸಿಕ್ಕಿತು.

ನವುಲೆಯಲ್ಲಿ ತಂಗಿಯ ನಿಶ್ಚಿತಾರ್ಥದ ದಿನ ಊಟವಾದ ಮೇಲೆ ಎಲ್ಲರೂ ಒತ್ತಾಯ ಮಾಡಿದರು. ಒತ್ತಾಯ ಮಾಡದಿದ್ದರೂ ನಾನು ಮಾಡುತ್ತಿದ್ದೆ, ಅದು ಬೇರೆ. ಗಿರಿಯಪ್ಪ ಮಾವ ಕಾಫಿ ಲೋಟವನ್ನು ಬಾಯಿಯವರೆಗೆ ಒಯ್ಯುವುದನ್ನು ಮಾಡಿ ತೋರಿಸಿದೆ. ಕೈ ಗಡಗಡ, ಲೋಟ ಕಿವಿಯ ಹತ್ತಿರ, ಕಾಫಿ ಅಂಗಿಯ ಮೇಲೆ. ಹಾಲ್ ಬಿದ್ದು ಬಿದ್ದು ನಕ್ಕಿತು. ಮಾವನೂ ನಕ್ಕರು. ನಾನದನ್ನು ಬಹುಮಾನ ಎಂದುಕೊಂಡೆ.

ತಿಂಗಳ ನಂತರ ಭದ್ರಾವತಿಗೆ ಹೋದಾಗ ಅತ್ತೆ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಾ ಹೇಳಿದರು: “ನೀನು ಮಾಡಿದ್ದು ಚೆನ್ನಾಗಿತ್ತು ಮಾರಾಯ. ಅವತ್ತಿಂದ ಇವರ ಬಲಗೈ ಕಾಣೆಯಾಗಿದೆ. ನಿನಗೆಲ್ಲಾದ್ರೂ ಸಿಕ್ಕಿದ್ರೆ ಕೊಟ್ಟುಬಿಡು.”

ಹೊರಗೆ ನೋಡಿದೆ. ಮಾವ ಎಡಗೈಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಬಲಗೈ ಟವೆಲ್ಲಿನ ಕೆಳಗಿತ್ತು. ಜನರೆದುರು ಅದನ್ನು ಹೊರಗೆ ತೆಗೆಯುವುದನ್ನೇ ಅವರು ಬಿಟ್ಟಿದ್ದರು. ನನಗೆ ಕ್ಷಮೆ ಕೇಳಲು ಬರಲಿಲ್ಲ. ಕ್ಷಮೆ ಕೇಳುವವರನ್ನು ಅಣಕಿಸಲು ಮಾತ್ರ ಬರುತ್ತಿತ್ತು.

ಆ ಕೈಗೆ ಔಷಧಿ ತೆಗೆದುಕೊಳ್ಳಲು ಮಾವ ವಿನೋಬನಗರದ ಒಂದು ಕ್ಲಿನಿಕ್ಕಿಗೆ ಬಂದದ್ದು ಆಮೇಲಿನ ಬೇಸಿಗೆಯಲ್ಲಿ. ಜೊತೆಗೆ ನಾನಿದ್ದೆ. ಡಾಕ್ಟರು ಬರುವುದು ತಡ ಎಂದರು. ಎದುರಿಗೇ ಫೈರೋಜನ ಅಂಗಡಿ. ಅವನೂ ಆ ದಿನ ಸಂಕಟದಲ್ಲಿದ್ದ. ಮೂರೂ ಯಂತ್ರಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ, ದೊಡ್ಡ ಟಿವಿ ಇದ್ದದ್ದು ಒಂದೇ. ಯಾವುದನ್ನು ಅದಕ್ಕೆ ಹಾಕುವುದು?

“ನೀನು ಹೇಳ್ಬೇಡ ಯಾರ್, ನೀನು ಆಡೋದೇ ಮಲ್ಕೊಂಡು,” ಎಂದ ನನಗೆ. “ಚಾಚಾ, ನೀವು ನೋಡಿ ಹೇಳಿ.”

ಮಲಗಿಕೊಂಡು ಆಡುತ್ತಿದ್ದದ್ದು ನಿಜ. ಬಿಳಿ ಕೋಲಿನ ಗುಣವೇ ಅದು. ಅದಕ್ಕೆ ಬೇಕಾದದ್ದು ಒಂದು ಜಾಡಿಸುವಿಕೆ ಅಷ್ಟೆ. ಮಣಿಕಟ್ಟನ್ನು ನೊಣ ಓಡಿಸುವಷ್ಟು ಆಡಿಸಿದರೆ ಸಾಕು, ಟಿವಿಯಲ್ಲಿ ಬೊಂಬೆ ಹಾರಿ ಬಿದ್ದು ಟೆನಿಸ್ ಆಡುತ್ತದೆ. ಚಾಪೆಯಿಂದ ಬೆನ್ನೆತ್ತದೆ ನಾನು ಎಷ್ಟೋ ಸಲ ಚಾಂಪಿಯನ್ ಆಗಿದ್ದೇನೆ.

ಮಾವ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಎರಡು ಸಲ ಆಡಿಸಿ, ಗೆದ್ದು, ಮುಖ ಸಿಂಡರಿಸಿದರು. “ಅರ್ಧ ಕೈ ತೋರಿಸಿದ್ರೆ ಪೂರ್ತಿ ಹೊಡೀತದಲ್ಲೋ. ಇಂಥವನನ್ನ ಕ್ರೇನ್ ಮೇಲೆ ಕೂರಿಸಿದ್ರೆ ಕೆಳಗಿರೋರು ಮನೆಗೆ ಹೋಗಲ್ಲ.”

ಎರಡನೆಯದು ಉಂಡೆ ಕೋಲು. ಉಂಡೆ ಬಣ್ಣಬಣ್ಣವಾಗಿ ಹೊಳೆಯುತ್ತದೆ, ಟಿವಿಯ ಮೇಲಿನ ಕ್ಯಾಮೆರಾ ಅದನ್ನೇ ನೋಡುತ್ತಿರುತ್ತದೆ. ಒಂದು ಕೂದಲೆಳೆ ಸರಿಸಿದರೂ ತಪ್ಪದೆ ತೋರಿಸುತ್ತದೆ. ಬಿಲ್ಲು ಬಾಣದ ಆಟ ಹಾಕಿದೆವು. ಆ ಕರಾರುವಾಕ್ಕುತನ ಮಾವನಿಗೆ ಎಷ್ಟು ಹಿಡಿಸಿತೆಂದರೆ, ಗುರಿಯಿಡುವ ಭರದಲ್ಲಿ ಕೋಲು ತಾನಾಗಿಯೇ ಬಲಗೈಗೆ ಹೋಯಿತು. ಹೋದದ್ದೇ ತಡ, ಅಷ್ಟಗಲದ ಟಿವಿಯಲ್ಲಿ ಅಷ್ಟೆತ್ತರದ ಬಾಣ ನಡುಗತೊಡಗಿತು.

ಮಾವ ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೋಲನ್ನು ನಿಧಾನಕ್ಕೆ ಮೇಜಿನ ಮೇಲಿಟ್ಟರು.

“ಇವನು ನಿನ್ನ ಥರ,” ಎಂದರು.

ನಾನು ಟಿವಿಯ ಹಿಂದಿನ ವೈರು ಹುಡುಕುವ ನೆಪದಲ್ಲಿ ಬಗ್ಗಿದೆ.

ಫೈರೋಜ್ ಅವಸರವಾಗಿ ಮೂರನೆಯದನ್ನು ಸಿಕ್ಕಿಸಿದ. ಇದಕ್ಕೆ ಕೋಲೇ ಇಲ್ಲ, ಬರಿಗೈಯಲ್ಲಿ ಎದುರು ನಿಲ್ಲಬೇಕು, ಕ್ಯಾಮೆರಾ ಇಡೀ ಮೈಯನ್ನು ಓದುತ್ತದೆ. ಮಾವನನ್ನು ಓದಲು ಒಪ್ಪಲಿಲ್ಲ. ಅವರ ಪಂಚೆಯಲ್ಲಿ ಕಾಲು ಎಲ್ಲಿ ಶುರು, ಬಟ್ಟೆ ಎಲ್ಲಿ ಮುಗಿಯಿತು ಎಂದು ತಿಳಿಯದೆ ಬೊಂಬೆ ಎರಡೂ ಕಾಲು ಹೆಣೆದುಕೊಂಡು ತೊಳಲಾಡಿತು. “ಚಾಚಾ, ಪಂಚೆ ಮೇಲೆ,” ಎಂದ ಫೈರೋಜ್. ಮಾವ ಪಂಚೆ ಎತ್ತಿ ಕಟ್ಟಿದರು. ಬೊಂಬೆಗೆ ಕಾಲು ಬಂತು. ಆಮೇಲೆ ಅವರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಟವೆಲ್ ಸರಿಸಿ, ಬಲಗೈ ಎತ್ತಿದರು.

ಬೊಂಬೆಯೂ ಎತ್ತಿತು. ಅದರ ಕೈ ನಡುಗಲಿಲ್ಲ.

ಕಾರಣ ಆಮೇಲೆ ತಿಳಿದುಕೊಂಡೆ. ಆ ಕ್ಯಾಮೆರಾ ಹೆಗಲು, ಮೊಣಕೈ, ಮಣಿಕಟ್ಟು ಎಂದು ದೊಡ್ಡ ಕೀಲುಗಳನ್ನಷ್ಟೇ ಹಿಡಿಯುತ್ತದೆ, ಸಣ್ಣ ಅಲುಗಾಟವನ್ನು ತಾನೇ ಒರೆಸಿಬಿಡುತ್ತದೆ. ಮೂವರಲ್ಲಿ ಒಂದು ರೀತಿಯಲ್ಲಿ ಅದೇ ದಡ್ಡ, ತಡವಾಗಿಯೂ ಅನುಕರಿಸುತ್ತದೆ. ಆ ಕ್ಷಣಕ್ಕೆ ನಮಗೆ ಕಂಡದ್ದು ಇಷ್ಟೇ: ಟಿವಿಯಲ್ಲಿ ಸ್ಥಿರವಾಗಿ ನಿಂತ ಒಂದು ಕೈ.

“ಸ್ವಲ್ಪ ತಡ,” ಎಂದರು ಮಾವ. “ಆರುಮುಗಂನೂ ಹೀಗೇ. ಬೀಡಿ ಸೇದಿ ಆಮೇಲೆ ಲಿವರ್ ಎಳೀತಿದ್ದ.” ಅಂಗೈ ಕೆಳಗೆ ಮಾಡಿದರು. “ಆರಿಯಾ... ಆರಿಯಾ... ಸಾಕು.” ಮುಷ್ಟಿ. ಬೊಂಬೆ ಇದ್ದಲ್ಲೇ ನಿಂತಿತು. ಕ್ಲಿನಿಕ್ಕಿನಿಂದ ಕರೆ ಬರುವವರೆಗೂ ಅವರು ಶಿವಮೊಗ್ಗದ ಒಂದು ಅಂಗಡಿಯಲ್ಲಿ ಇಲ್ಲದ ಕಬ್ಬಿಣವನ್ನು ಏರಿಸಿ ಇಳಿಸುತ್ತಿದ್ದರು. ಬೀದಿಗೆ ಬಂದ ಕೂಡಲೇ ಕೈ ಮತ್ತೆ ಟವೆಲ್ಲಿನೊಳಗೆ ಹೋಯಿತು.

ಬರಿಗೈ ಯಂತ್ರವೇ ಶ್ರೇಷ್ಠ ಎಂದು ನಾನು ತೀರ್ಪು ಕೊಟ್ಟೆ. ಫೈರೋಜ್ ದೊಡ್ಡ ಟಿವಿಗೆ ಬಿಳಿ ಕೋಲು ಹಾಕಿದ. ಗಿರಾಕಿಗಳು ಕೂತು ಆಡಲು ಇಷ್ಟಪಡುತ್ತಾರಂತೆ.

ನಾನು ಮಾತ್ರ ಆ ದಡ್ಡ ಯಂತ್ರದಿಂದ ಪಾಠ ಕಲಿತೆನೆಂದು ಬೀಗಿದೆ. ನೋಡಿದ್ದನ್ನೆಲ್ಲ ತೋರಿಸಬೇಕಿಲ್ಲ, ಒರೆಸಿಯೂ ತೋರಿಸಬಹುದು. ಹಾಗೆ ಮಾವನನ್ನು ತೋರಿಸುವ ಅವಕಾಶ ಕಳೆದ ಭಾನುವಾರ ಭದ್ರಾವತಿಯಲ್ಲಿ, ಅವರ ಮೊಮ್ಮಗಳ ನಾಮಕರಣದಲ್ಲಿ ಸಿಕ್ಕಿತು. “ಮಾವನ್ನ ಮಾಡೋ,” ಎಂದರು ಯಾರೋ. ಇಷ್ಟು ವರ್ಷ ಜಾರಿಕೊಂಡಿದ್ದವನು ಎದ್ದು ನಿಂತೆ. ಕ್ರೇನಿಗೆ ಸನ್ನೆ ಮಾಡುವ ಮಾವನನ್ನು ಮಾಡಿದೆ. ಬಲಗೈ ದೀಪದ ಕಂಬದ ಹಾಗೆ ನೆಟ್ಟಗೆ. ಯಾರೂ ನಗಲಿಲ್ಲ. ಒಬ್ಬರು ಮೊಬೈಲ್ ನೋಡಿಕೊಂಡರು.

“ಯಾರೋ ಅದು?” ಎಂದರು ಮಾವ ಕುರ್ಚಿಯಿಂದ.

“ನೀವೇ ಮಾವ.”

“ನನ್ನ ಕೈಗೆ ಸಿಮೆಂಟ್ ಹಾಕಿದೀಯಲ್ಲ. ನಡುಕ ಎಲ್ಲಿ?”

“ಅದು ಬೇಡ ಅಂತ...”

“ಯಾರಿಗೆ ಬೇಡ?”

ನಾನು ಎತ್ತಿದ್ದ ಕೈ ಇಳಿಸಿದೆ. ಮಾವ ಬಿಡಲಿಲ್ಲ. “ಅವತ್ತು ನವುಲೇಲೂ ನೀನು ತಪ್ಪೇ ಮಾಡಿದ್ದೆ. ಮಣಿಕಟ್ಟಿಂದ ನಡುಗಿಸಿದೆ, ಭೂಕಂಪ ಆದ ಹಾಗೆ. ನನ್ನ ಕೈ ಹಾಗಿದೆಯಾ ಅಂತ ಮನೆಗೆ ಬಂದು ಕನ್ನಡೀಲಿ ನೋಡ್ಕೊಂಡೆ. ಹಾಗಿರಲಿಲ್ಲ. ಅಷ್ಟೊತ್ತಿಗೆ ಎಲ್ಲರೂ ನಿನ್ನ ಕೈ ನೋಡಿಯಾಗಿತ್ತು. ಇನ್ನು ನಂದನ್ನ ಯಾರು ನೋಡ್ತಾರೆ?”

ಟವೆಲ್ ತೊಡೆಯ ಮೇಲಿಟ್ಟು, ಅಷ್ಟೂ ಜನರ ಎದುರು ಬಲಗೈ ಚಾಚಿದರು. “ಬಾ ಇಲ್ಲಿ. ಹೆಬ್ಬೆರಳಲ್ಲಿ ಶುರುವಾಗ್ತದೆ. ಆಮೇಲೆ ತೋರುಬೆರಳು. ಕಿರುಬೆರಳು ಸುಮ್ನಿರ್ತದೆ. ಮಾಡು.”

ನಾನು ಪಕ್ಕದಲ್ಲಿ ನನ್ನ ಕೈ ಹಿಡಿದು ಮಾಡಿದೆ.

“ಜಾಸ್ತಿ ಆಯ್ತು.”

ಮತ್ತೆ ಮಾಡಿದೆ.

“ಇದು ಚಳಿಗೆ ನಡುಗೋದು. ಕಿರುಬೆರಳು ಯಾಕೋ ಕುಣೀತಿದೆ?” ಈಗ ಜನ ನಗುತ್ತಿದ್ದರು, ನನ್ನನ್ನು ನೋಡಿ. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಮಾವ ಮಾತ್ರ ನಗದೆ, ಕೈ ಕೆಳಗಿಳಿಸದೆ, ಮೇಷ್ಟರ ಹಾಗೆ ಕಾಯುತ್ತಿದ್ದರು.

ಅವತ್ತಿನಿಂದ ದಿನಾ ಅರ್ಧ ಗಂಟೆ ಅಭ್ಯಾಸ ನಡೆದಿದೆ. ಹೆಬ್ಬೆರಳು ಪರವಾಗಿಲ್ಲ. ತೋರುಬೆರಳು ಒಮ್ಮೊಮ್ಮೆ ಬರುತ್ತದೆ. ಕಿರುಬೆರಳು ಸುಮ್ಮನಿರಲು ಒಪ್ಪುತ್ತಿಲ್ಲ. ನಾಡಿದ್ದು ಭಾನುವಾರ, ಭದ್ರಾವತಿಗೆ ಹೋಗಿ ಒಪ್ಪಿಸಬೇಕು.