ಪೊಲೀಸಕ್ಕನ ಮೂಗು

ಬೀದಿಯ ನಲ್ಲಿಯಲ್ಲಿ ಹಳದಿ ನೀರು ಬರತೊಡಗಿದ ಮೇಲೆ ಆ ಬಡಾವಣೆಯಲ್ಲಿ ಕ್ಯಾನಿನ ನೀರು ತರಿಸದ ಮನೆ ಅಪರೂಪ. ಖಾಲಿಯಾದ ಕ್ಯಾನುಗಳೆಲ್ಲ ತೊಳೆಯಲು ಬರುತ್ತಿದ್ದದ್ದು ಪೊಲೀಸಕ್ಕನ ಕೈಗೆ. ಅವಳ ವಂಶದಲ್ಲೇ ಪೊಲೀಸರಿಲ್ಲ. ನೀರು ತುಂಬುವ ಶೆಡ್ಡಿನಲ್ಲಿ ಒಂದೊಂದು ಕ್ಯಾನಿನ ಬಾಯಿಗೂ ಮೂಗಿಟ್ಟು, "ಇದ್ರಲ್ಲಿ ಸೀಮೆಎಣ್ಣೆ ಇಟ್ಟಿದ್ರು, ಇದ್ರಲ್ಲಿ ಫಿನಾಯ್ಲು" ಎಂದು ಕಳ್ಳರನ್ನು ಹಿಡಿದುಕೊಟ್ಟಂತೆ ಪಕ್ಕಕ್ಕೆ ಸರಿಸುತ್ತಿದ್ದಳು. ಅದರಿಂದ ಬಂದ ಹೆಸರು. ಪ್ಲಾಸ್ಟಿಕ್ಕು ಒಮ್ಮೆ ಕುಡಿದ ಎಣ್ಣೆಯನ್ನು ಎಷ್ಟು ಉಜ್ಜಿದರೂ ಪೂರ್ತಿ ಬಿಡುವುದಿಲ್ಲ. ಅಂಥ ಕ್ಯಾನಿಗೆ ಮತ್ತೆ ನೀರು ತುಂಬಬಾರದು. ಅದನ್ನು ಕಂಡುಹಿಡಿಯಲು ಶೆಡ್ಡಿನಲ್ಲಿ ಯಂತ್ರವಿರಲಿಲ್ಲ, ಅವಳ ಮೂಗಿತ್ತು.

ಆ ದಿನ ಮೂಗು ಕೈಕೊಟ್ಟಿತ್ತು. ನೆಗಡಿ ಇಳಿದಿದ್ದರೂ ವಾಸನೆ ಮರಳಿರಲಿಲ್ಲ. ಬೆಳಿಗ್ಗೆ ಪಕ್ಕದಲ್ಲೇ ಹಾಲು ಸೀದು ಕರಕಲಾದರೂ ಗೊತ್ತಾಗಲಿಲ್ಲ.

"ಅಕ್ಕಾ, ಮನೆಯೆಲ್ಲ ಸೀದ ವಾಸ್ನೆ!" ಹೊಲಿಗೆ ಮಿಷನ್ನು ಬಿಟ್ಟು ತಂಗಿ ಓಡಿಬಂದಳು. "ಇವತ್ತು ರಜಾ ಹಾಕೇ. ಮೂಗಿಲ್ದೆ ಅಲ್ಲಿ ಹೋಗಿ ಏನು ಮಾಡ್ತೀಯ?"

"ಬಾಯಿ ಮುಚ್ಕೊಂಡು ಮಾಡ್ತೀನಿ."

ಮೂಗು ಹೋಗಿದೆ ಎಂದು ತಿಳಿದರೆ ಶೆಡ್ಡಿನ ಸಾಹುಕಾರ ಬೇರೆ ಮೂಗು ಹುಡುಕಿಕೊಳ್ಳುತ್ತಾನೆ ಎಂಬ ಭಯ ಅವಳಿಗೆ. ಗಂಡ ಹೋದ ಮೇಲೆ ಅಲೆದಲೆದು ಹಿಡಿದ ಕೆಲಸ ಅದು.

ಶೆಡ್ಡಿನಲ್ಲಿ ಎಂದಿನಂತೆ ಬಗ್ಗಿದಳು, ಎಲ್ಲರಿಗೂ ಕೇಳುವಂತೆ ಉಸಿರೆಳೆದಳು, "ಹೂಂ" ಎಂದು ಮುಂದಕ್ಕೆ ತಳ್ಳಿದಳು. ಒಂದು ಕ್ಯಾನಿನ ಬಾಯಿಗೆ ಚಿಂದಿ ತುರುಕಿದ್ದರು. ಕಿತ್ತು ಬಕೆಟ್ಟಿಗೆ ಎಸೆದು ಅದನ್ನೂ ತೊಳೆದಳು. ಮೊದಲ ಗಾಡಿ ತುಂಬಿತು, ಹಿಂದಿನ ಬೀದಿಯ ಶಿಶುವಿಹಾರಕ್ಕೆ ಹೋಯಿತು.

ಚಹಾ ಕುಡಿದು ಬಂದ ನೀರು ತುಂಬುವವನು ಬಕೆಟ್ಟನ್ನು ಎತ್ತಿದವನೇ ಮುಖ ಹಿಂಡಿದ. "ಥೂ! ಇದ್ಯಾವ ಚಿಂದಿ ಪೊಲೀಸಕ್ಕಾ? ಬಣ್ಣಕ್ಕೆ ಹಾಕೋ ಥಿನ್ನರ್ ಘಮ್ ಅಂತಿದೆ!"

ಅವಳಿಗೆ ತಟ್ಟನೆ ಹೊಳೆಯಿತು. ಮರದಂಗಡಿಯವರು ಥಿನ್ನರ್ ಆವಿಯಾಗಿ ಹಾರದಿರಲೆಂದು ಹೀಗೇ ಚಿಂದಿ ತುರುಕಿಡುತ್ತಾರೆ. ಎಷ್ಟು ಸಲ ಹಿಡಿದಿದ್ದಳು!

ಗಾಡಿಯವನಿಗೆ ಫೋನ್ ಮಾಡಿದಳು; ಅದು ಬಡಿದುಕೊಂಡಿತೇ ಹೊರತು ಅವನು ಎತ್ತಲಿಲ್ಲ. ಸಾಹುಕಾರನ ಮುಂದೆ ಹೋಗಿ ನಿಂತಳು. "ನಂಗೆ ವಾಸ್ನೆ ಬರ್ತಿಲ್ಲ ಸಾಹುಕಾರ್ರೇ. ಥಿನ್ನರ್ ಕ್ಯಾನು ಮಕ್ಕಳಿಗೆ ಹೋಗಿದೆ. ಫೋನ್ ಮಾಡಿ ಹೇಳಿ."

ಸಾಹುಕಾರ ಮೊದಲು ಬಾಗಿಲ ಕಡೆ ನೋಡಿದ. "ಮೆತ್ತಗೆ ಮಾತಾಡಮ್ಮ. ಸೋಡ ಹಾಕಿ ತೊಳ್ದಿದ್ದೀಯ ತಾನೆ? ಏನೂ ಆಗಲ್ಲ. ಫೋನ್ ಮಾಡಿದ್ರೆ ಊರೆಲ್ಲ ಗೊತ್ತಾಗುತ್ತೆ. ಗಾಡಿ ವಾಪಸ್ ಬರ್ಲಿ, ನೋಡೋಣ."

"ಅಷ್ಟೊತ್ತಿಗೆ ಕುಡಿದಿರ್ತಾವೆ!"

ಮುಂದಿನ ಮಾತಿಗೆ ನಿಲ್ಲದೆ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಓಡಿದಳು. ಮಂಡಿ ನೋವು ನೆನಪಾಗಲೇ ಇಲ್ಲ. ಎದುರಿಗೆ ಬಂದ ಸೈಕಲ್ಲಿನವನು ಬೈದದ್ದೂ ಕೇಳಿಸಲಿಲ್ಲ.

ಶಿಶುವಿಹಾರದ ಅಂಗಳದಲ್ಲಿ ಮಕ್ಕಳು ಲೋಟ ಹಿಡಿದು ಸಾಲುಗಟ್ಟಿದ್ದರು. ಅಡುಗೆಯಾಕೆ ಕ್ಯಾನಿನ ಮುಚ್ಚಳ ಕಿತ್ತು ಹೂಜಿಗೆ ಬಗ್ಗಿಸುತ್ತಿದ್ದಳು.

"ಬಗ್ಗಿಸ್ಬೇಡಮ್ಮಾ! ಕೊಡ್ಬೇಡ!"

"ಏನಜ್ಜಿ, ಬಿಸಿಲಲ್ಲಿ ಮಕ್ಕಳು ಬಾಯಾರಿ ನಿಂತಿದ್ದಾವೆ. ನೀರು ಕೊಡ್ಬೇಡ ಅಂತೀರಲ್ಲ, ಯಾರು ನೀವು?"

"ಕ್ಯಾನು ತೊಳ್ಯೋಳು. ಮೂಸಿ ನೋಡು. ನಂಗೆ ಆಗಲ್ಲ, ನೀನೇ ನೋಡು."

ಅಡುಗೆಯಾಕೆ ಮೂಸಿದಳು. "ಚೆನ್ನಾಗೇ ಇದೆ."

"ಇನ್ನೊಂದು?"

ಎರಡನೆಯದೂ ಸರಿಯಿತ್ತು. ಸಾಲಿನ ಮುಂದಿದ್ದ ಮಗು ಲೋಟ ಚಾಚಿತು. "ಎಲ್ಲಾನೂ ನೋಡು ತಾಯಿ," ಎಂದು ಪೊಲೀಸಕ್ಕ ಲೋಟಕ್ಕೆ ಕೈ ಅಡ್ಡ ಹಿಡಿದಳು. ಗೋಡೆ ಪಕ್ಕದ ಕ್ಯಾನಿನ ಮುಚ್ಚಳ ತೆಗೆದವಳೇ ಅಡುಗೆಯಾಕೆ ತಲೆ ಹಿಂದಕ್ಕೆಳೆದು ಕೆಮ್ಮಿದಳು.

"ಅಯ್ಯೋ ದೇವ್ರೇ, ಇದನ್ನ ಕುಡಿಸ್ತಿದ್ನಲ್ಲಾ!"

ಹೆದರಿದ ಅಡುಗೆಯಾಕೆ ಸರಿಯಿದ್ದ ಕ್ಯಾನುಗಳನ್ನೂ ಸೇರಿಸಿ ಎಲ್ಲವನ್ನೂ ಗೇಟಿನಾಚೆ ಉರುಳಿಸಿಬಿಟ್ಟಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಈಗ ಏನು ಕುಡಿಸ್ಲಿ ಅಜ್ಜಿ? ನಲ್ಲಿ ನೀರು ನೋಡಿದ್ದೀರಲ್ಲ, ಹಳ್ದಿ ಹಳ್ದಿ."

"ಬಟ್ಟೆಲಿ ಸೋಸಿ ಕುದಿಸೋಣ. ನಮ್ಮನೇಲಿ ಕುಡಿಯೋದು ಅದೇ. ದೊಡ್ಡ ಪಾತ್ರೆ ಎಲ್ಲಿದೆ?"

ಸಾಹುಕಾರ ಸ್ಕೂಟರಿನಲ್ಲಿ ಬಂದಿಳಿದಾಗ ಅವಳು ಒಲೆಯ ಮುಂದೆ ನಿಂತಿದ್ದಳು. ಗೇಟಿನಾಚೆ ಬಿದ್ದಿದ್ದ ಕ್ಯಾನುಗಳನ್ನು ದಾಟಿಕೊಂಡೇ ಅವನು ಒಳಗೆ ಬರಬೇಕಾಯಿತು.

"ಬೆಳಿಗ್ಗೆನೇ ಬಾಯಿ ಬಿಡೋಕಾಗ್ಲಿಲ್ವಾ ನಿಂಗೆ?"

"ಹೇಳಿದ್ರೆ ಮನೆಗೆ ಕಳಿಸ್ತಿದ್ರಿ."

"ಕಳಿಸ್ತಿದ್ದೆ. ಈಗ್ಲೂ ಕಳಿಸ್ತೀನಿ."

"ಕಳಿಸಿ. ಇದು ಕುದ್ದು ಆರಿದ್ಮೇಲೆ ಹೋಗ್ತೀನಿ."

ಬಾಗಿಲಲ್ಲಿ ಮಕ್ಕಳು ಗುಂಪುಗೂಡಿದ್ದರು. "ಆಯ್ತಾ ಅಜ್ಜಿ?" ಎಂದಿತು ಒಂದು. "ಇನ್ನೂ ಇಲ್ಲ ಪುಟ್ಟಾ," ಎಂದು ಅವಳು ಸೌದೆಯನ್ನು ಮುಂದಕ್ಕೆ ತಳ್ಳಿದಳು.